ಕಾಡಿನ ಲೆಕ್ಕವಿಡುವ ಕಾಯಕ

(ಬಾನುಲಿ ಭಾಷಣ)

ಕಾಡು ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಅದರ ದಟ್ಟವಾದ ಹಸುರು, ಅದರ ಗಾಢ ಮೌನ, ಅದರೊಳಗೆ ಮರೆಯಾಗಿರುವ ಆನೆ ಹುಲಿಗಳು. ನಮ್ಮ ಕವಿಗಳು ಹಾಡಿ ಹೊಗಳಿದ್ದು ಈ ಕಾಡನ್ನೇ. ಆದರೆ ಅದೇ ಕಾಡನ್ನು ಬೇರೊಂದು ಬಗೆಯಿಂದ ನೋಡುವವರೂ ಇದ್ದಾರೆ. ಅವರು ಅಳತೆಪಟ್ಟಿಯನ್ನು ಹಿಡಿದು ಮರದಿಂದ ಮರಕ್ಕೆ ನಡೆಯುತ್ತಾರೆ. ಒಂದೊಂದರ ಸುತ್ತಳತೆಯನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮರುವರ್ಷ ಮತ್ತೆ ಅದೇ ಮರದ ಬಳಿಗೆ ಬಂದು, ಅದು ಬದುಕಿದೆಯೇ ಸತ್ತಿದೆಯೇ ಎಂದು ನೋಡುತ್ತಾರೆ. ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಈ ಕೆಲಸ ನಡೆಯುತ್ತದೆ. ವಿಶ್ವವಿದ್ಯಾನಿಲಯಗಳು ಕೈಗೊಳ್ಳುವ ಇಂತಹ ದೀರ್ಘಕಾಲದ ಪರಿಸರ ಅಧ್ಯಯನಗಳ ಸ್ವರೂಪವೇನು, ಅವುಗಳ ಮುಂದಾಳಾದವನು ಹೊರಬೇಕಾದ ಹೊಣೆಯೇನು ಎಂಬುದನ್ನು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನಾನು ಕನ್ನಡದ ಅಧ್ಯಾಪಕ, ವಿಜ್ಞಾನಿಯಲ್ಲ. ಆದರೆ ಒಂದು ಕೆಲಸವನ್ನು ತಲೆಮಾರಿನಿಂದ ತಲೆಮಾರಿಗೆ ಕೆಡದಂತೆ ದಾಟಿಸುವ ಪ್ರಶ್ನೆ ಎಲ್ಲ ವಿದ್ಯೆಗಳಿಗೂ ಸೇರಿದ್ದಾದುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲಿಗೆ ನಮಗೆ ಹತ್ತಿರದ ಒಂದು ನಿದರ್ಶನ. ಬೆಂಗಳೂರಿನ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರವೊಂದು ಸ್ಥಾಪನೆಯಾಯಿತು. ಅದಕ್ಕೆ ಕಾರಣಕರ್ತರಾದವರು ಪ್ರೊಫೆಸರ್ ಮಾಧವ ಗಾಡ್ಗೀಳರು. ಈ ಕೇಂದ್ರದ ವತಿಯಿಂದ 1988ರಲ್ಲಿ, ಆನೆಗಳ ಅಧ್ಯಯನದಿಂದ ಹೆಸರಾದ ಪ್ರೊಫೆಸರ್ ರಾಮನ್ ಸುಕುಮಾರರ ನೇತೃತ್ವದಲ್ಲಿ, ಮುದುಮಲೆಯ ಅರಣ್ಯದಲ್ಲಿ ಮರಗಳ ಎಣಿಕೆ ಆರಂಭವಾಯಿತು. ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವವರು ಬಂಡೀಪುರವನ್ನು ದಾಟಿದೊಡನೆ ಪ್ರವೇಶಿಸುವ ಅರಣ್ಯವೇ ಅದು. ರಾಜ್ಯ ತಮಿಳುನಾಡಾದರೂ ಕಾಡು ಒಂದೇ. ಆನೆಗಳಿಗೆ ಎಲ್ಲೆಯ ಕಲ್ಲುಗಳ ಗೊಡವೆಯಿಲ್ಲ.

ಇಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ, ಎಂದರೆ 50 ಹೆಕ್ಟೇರು ವಿಸ್ತಾರದ ಒಂದು ಪ್ರದೇಶವನ್ನು ಗುರುತಿಸಿದರು. ಅದನ್ನು 20 ಮೀಟರ್ ಚದರದ 1250 ಅಂಕಣಗಳಾಗಿ ವಿಭಾಗಿಸಿದರು. ಎದೆಯೆತ್ತರದಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿರುವ ಪ್ರತಿಯೊಂದು ಗಿಡಮರಕ್ಕೂ ಅಂಕಿಯುಳ್ಳ ಲೋಹದ ಬಿಲ್ಲೆಯನ್ನು ಕಟ್ಟಿ, ಅದು ನಿಂತ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಜಾತಿಯನ್ನೂ ಗಾತ್ರವನ್ನೂ ದಾಖಲು ಮಾಡಿದರು. ಸುಮಾರು 26 ಸಾವಿರ ಗಿಡಮರಗಳು, ಸುಮಾರು 70 ಜಾತಿಗಳು. ಅಂದಿನಿಂದ ವರ್ಷಕ್ಕೊಮ್ಮೆ ಸತ್ತವುಗಳ ಮತ್ತು ಹೊಸದಾಗಿ ಬೆಳೆದವುಗಳ ಲೆಕ್ಕ. ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಮರಗಳ ಮರು ಅಳತೆ. ಮಧ್ಯ ಅಮೆರಿಕದ ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ಸುಮಾರಿಗೆ ಹಬಲ್ ಮತ್ತು ಫಾಸ್ಟರ್ ಎಂಬ ವಿಜ್ಞಾನಿಗಳು ಇದೇ ವಿಸ್ತಾರದ ತಾಣವೊಂದನ್ನು ಇದೇ ಕ್ರಮದಿಂದ ಆರಂಭಿಸಿದ್ದರು. ಕ್ರಮ ಒಂದೇ ಆದುದರಿಂದ ಪನಾಮಾದ ಕಾಡನ್ನೂ ಮುದುಮಲೆಯ ಕಾಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಾಧ್ಯವಾಯಿತು.

ಮರಗಳನ್ನು ಎಣಿಸಿ ಆಗುವುದೇನು ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮೊದಲ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿದ್ದುದು ಸಸ್ಯಶಾಸ್ತ್ರಜ್ಞರು ಕಿಡಿಯಾ ಎನ್ನುವ, ಕೆಲವು ಕಡೆ ಬೆಂಡೆಮರವೆಂದು ಕರೆಯುವ ಜಾತಿ. ಅದು ದಾಸವಾಳ, ಹತ್ತಿಗಳ ಕುಲಕ್ಕೆ ಸೇರಿದ್ದು. ಅದರ ನಾರುಳ್ಳ ತೊಗಟೆ ಆನೆಗಳಿಗೆ ಬಲು ಪ್ರಿಯ. ಮುಂದಿನ ಕೆಲವೇ ವರ್ಷಗಳಲ್ಲಿ ಆ ಮರಗಳ ಸಂಖ್ಯೆ ಇಳಿಯುತ್ತ ಇಳಿಯುತ್ತ ಹಿಂದಿನದರ ಒಂದು ಸಣ್ಣ ಪಾಲಾಯಿತು. ಆನೆಗಳು ಮುರಿದು ತಿಂದದ್ದು, ಜೊತೆಗೆ ಕಾಡುಗಿಚ್ಚು, ಇದಕ್ಕೆ ಕಾರಣ. ಆ ದಾರಿಯಾಗಿ ಹೋಗುವ ಪ್ರಯಾಣಿಕನಿಗೆ ಕಾಡು ಅಂದೂ ಹಸುರಾಗಿಯೇ ಕಂಡಿತು, ಇಂದೂ ಹಸುರಾಗಿಯೇ ಕಾಣುತ್ತದೆ. ಆದರೆ ಆ ಹಸುರಿನ ಒಳಗಿನ ಜನಸಂಖ್ಯೆಯೇ ಬದಲಾಗಿತ್ತು. ಅದನ್ನು ತಿಳಿಸಿದ್ದು ಲೆಕ್ಕದ ಪುಸ್ತಕ.

ಇನ್ನೊಂದು ಸಂಗತಿಯನ್ನು ಗಮನಿಸಿ. ಬರಗಾಲ ಬಂದರೆ ಮರಗಳು ಸಾಯುತ್ತವೆಂದು ನಾವೆಲ್ಲ ನಂಬಿದ್ದೇವೆ. 1988ರಿಂದ 2007ರ ವರೆಗಿನ ಲೆಕ್ಕವನ್ನು ಮಳೆಯ ಲೆಕ್ಕದೊಡನೆ ತಾಳೆ ನೋಡಿದಾಗ ಕಂಡುಬಂದದ್ದು ಇಷ್ಟು: ದೊಡ್ಡ ಮರಗಳು ಬರ ಬಂದ ವರ್ಷವೇ ಸಾಯುವುದಿಲ್ಲ, ಎರಡು ಮೂರು ವರ್ಷ ತಡೆದು ಸಾಯುತ್ತವೆ. ಆ ವೇಳೆಗೆ ಒಳ್ಳೆಯ ಮಳೆಯೇ ಆಗುತ್ತಿರಬಹುದು. ಮಳೆಯಾಗುತ್ತಿದ್ದರೂ ಮರಗಳೇಕೆ ಒಣಗುತ್ತಿವೆ ಎಂದು ಆ ವರ್ಷ ಮಾತ್ರ ಕಾಡಿಗೆ ಬಂದವನು ತಬ್ಬಿಬ್ಬಾಗುವನು. ಬಹುಶಃ ಯಾವುದೋ ರೋಗವೆಂದು ವರದಿಯನ್ನೂ ಬರೆದಾನು. ಮೂರು ವರ್ಷದ ಯೋಜನೆಯೊಂದಕ್ಕೆ ಈ ಸತ್ಯ ಸಿಕ್ಕುವಂತಿರಲಿಲ್ಲ. ಏಕೆಂದರೆ ಕಾರಣ ಒಂದು ಯೋಜನೆಯ ಅವಧಿಯಲ್ಲಿ ಬಿದ್ದರೆ, ಕಾರ್ಯ ಇನ್ನೊಂದರ ಅವಧಿಯಲ್ಲಿ ಬೀಳುತ್ತದೆ.

ದೀರ್ಘಕಾಲದ ಅವಲೋಕನದಿಂದ ದೊರಕುವ ಮತ್ತೊಂದು ಬಗೆಯ ಫಲವುಂಟು. ಅದು ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ. ಇದಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹಬರ್ಡ್ ಬ್ರೂಕ್ ಎಂಬ ಕಾಡು ಸುಪ್ರಸಿದ್ಧ ದೃಷ್ಟಾಂತ. ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರಾಗಿದ್ದ ಹರ್ಬರ್ಟ್ ಬೋರ್ಮನ್ ಮತ್ತು ಜೀನ್ ಲೈಕೆನ್ಸ್ ಅವರು ತಮ್ಮ ಜೊತೆಗಾರರೊಡನೆ, ಅಲ್ಲಿನ ಅರಣ್ಯ ಇಲಾಖೆಯ ಸಹಕಾರದಿಂದ, 1963ರಲ್ಲಿ ಈ ಕಾಡಿನ ಅಧ್ಯಯನಕ್ಕೆ ತೊಡಗಿದರು. ಅವರ ಆಲೋಚನೆ ಸರಳವಾಗಿತ್ತು. ಕಾಡಿನೊಳಗಿನ ಒಂದು ಸಣ್ಣ ಕಣಿವೆಗೆ ಮಳೆಯ ಮೂಲಕ ಏನೇನು ಬರುತ್ತದೆ, ಹಳ್ಳದ ಮೂಲಕ ಏನೇನು ಹೊರಗೆ ಹೋಗುತ್ತದೆ ಎಂಬುದನ್ನು ಅಳೆದರೆ, ಕಾಡು ಪೋಷಕಾಂಶಗಳನ್ನು ಹೇಗೆ ಉಳಿಸಿಕೊಳ್ಳುತ್ತದೆಂದು ತಿಳಿಯುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಅಳತೆಯ ಕಟ್ಟೆಗಳಿದ್ದವು. ವಾರ ವಾರವೂ ಮಳೆಯ ನೀರನ್ನೂ ಹಳ್ಳದ ನೀರನ್ನೂ ಸಂಗ್ರಹಿಸಿ ಪರೀಕ್ಷೆಗೆ ಒಳಪಡಿಸಿದರು. ಒಂದು ಕಣಿವೆಯ ಮರಗಳನ್ನೆಲ್ಲ 1965ರಲ್ಲಿ ಕಡಿಸಿ, ಮತ್ತೆ ಚಿಗುರದಂತೆ ತಡೆದು ನೋಡಿದಾಗ, ಹಳ್ಳದಲ್ಲಿ ಹರಿಯುವ ನೀರು ಹೆಚ್ಚಿತು. ಅದರೊಡನೆ ಮಣ್ಣಿನ ಸಾರವೂ ಕೊಚ್ಚಿಹೋಗತೊಡಗಿತು.

ಇದು ಅವರು ಹುಡುಕಿ ಕಂಡದ್ದು. ಹುಡುಕದೆ ಕಂಡದ್ದು ಬೇರೆಯೇ ಇತ್ತು. ಯಾವ ಕಾರ್ಖಾನೆಯೂ ಹತ್ತಿರವಿಲ್ಲದ ಆ ಕಾಡಿನ ಮೇಲೆ ಬೀಳುವ ಮಳೆಯ ನೀರು ವಿಪರೀತ ಹುಳಿಯಾಗಿತ್ತು. ನೂರಾರು ಮೈಲಿ ದೂರದ ಕಲ್ಲಿದ್ದಲಿನ ಹೊಗೆ ಗಾಳಿಯಲ್ಲಿ ಸಾಗಿ ಬಂದು ಆಮ್ಲಮಳೆಯಾಗಿ ಸುರಿಯುತ್ತಿತ್ತು. ಈ ಸಂಗತಿಯನ್ನು 1970ರ ದಶಕದ ಆರಂಭದಲ್ಲಿ ಅವರು ಪ್ರಕಟಿಸಿದಾಗ ದೊಡ್ಡ ವಾದವಿವಾದಗಳೇ ನಡೆದವು. ಹೊಗೆಯನ್ನು ತಗ್ಗಿಸಲು ವೆಚ್ಚ ಮಾಡಬೇಕಾದವರು ಸುಲಭವಾಗಿ ಒಪ್ಪುವವರಲ್ಲ. ಒಂದೆರಡು ವರ್ಷಗಳ ಅಂಕಿಗಳಾಗಿದ್ದರೆ ಅವನ್ನು ಗಾಳಿಗೆ ತೂರಿಬಿಡಬಹುದಿತ್ತು. ಮಳೆಯ ಆಮ್ಲತೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಸಹಜ. ಅದು ನಿಜವಾಗಿ ಇಳಿಯುತ್ತಿದೆ ಎಂದು ಗಣಿತಶಾಸ್ತ್ರ ಒಪ್ಪುವಂತೆ ತೋರಿಸುವುದಕ್ಕೆ ಹದಿನೆಂಟು ವರ್ಷಗಳ ಅಳತೆ ಬೇಕಾಯಿತೆಂದು ಲೈಕೆನ್ಸ್ ಅವರೇ ತಿಳಿಸಿದ್ದಾರೆ. ಕೊನೆಗೆ 1990ರಲ್ಲಿ ಅಮೆರಿಕದ ವಾಯುಶುದ್ಧಿ ಕಾನೂನಿಗೆ ತಿದ್ದುಪಡಿಯಾಗಿ, ಗಂಧಕದ ಹೊಗೆಗೆ ಕಡಿವಾಣ ಬಿತ್ತು. ವಾರ ವಾರವೂ ಸೀಸೆಯಲ್ಲಿ ತುಂಬಿದ ಮಳೆಯ ನೀರಿಗೆ ಅದರಲ್ಲಿ ಸಣ್ಣದಲ್ಲದ ಪಾತ್ರವಿತ್ತು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರಿದ್ದರು. ಪ್ರತಿವರ್ಷವೂ ಯಾವ ಹೊಲದಲ್ಲಿ ಯಾವ ಬೆಳೆ, ಯಾವ ಜಮೀನು ಯಾರ ಹೆಸರಿಗೆ ಎಂದು ಕಡತದಲ್ಲಿ ಬರೆಯುವುದು ಅವರ ಕೆಲಸ. ಬರೆಯುವ ದಿನ ಅದರಲ್ಲಿ ಯಾವ ಸ್ವಾರಸ್ಯವೂ ಇರಲಿಲ್ಲ. ನಲವತ್ತು ವರ್ಷದ ಮೇಲೆ ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಬಂದಾಗ ಎಲ್ಲರೂ ಆ ಕಡತವನ್ನು ಹುಡುಕಿಕೊಂಡು ಬರುತ್ತಿದ್ದರು. ನಡುವೆ ಎರಡು ವರ್ಷದ ಹಾಳೆಗಳು ಇಲ್ಲವಾದರೆ ಅಥವಾ ಗೇಣಿನ ಲೆಕ್ಕವನ್ನು ಒಮ್ಮೆಗೇ ಅಡಿಗೆ ಬದಲಾಯಿಸಿ ಅದನ್ನು ಬರೆದಿಡದೆ ಹೋಗಿದ್ದರೆ, ಆ ಕಡತ ನ್ಯಾಯಸ್ಥಾನದಲ್ಲಿ ನಿಲ್ಲುತ್ತಿರಲಿಲ್ಲ. ದೀರ್ಘಕಾಲದ ಪರಿಸರ ಅಧ್ಯಯನವೂ ಹೀಗೆಯೇ.

ಇಂತಹ ಅಧ್ಯಯನದ ಮುಂದಾಳಿನ ಹೊಣೆಗಳನ್ನು ಈಗ ಒಂದೊಂದಾಗಿ ನೋಡೋಣ. ಮೊದಲನೆಯದು, ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬುದನ್ನು ಆರಂಭದಲ್ಲಿಯೇ ನಿರ್ಧರಿಸಿ, ಯಾರು ಬಂದರೂ ಅನುಸರಿಸುವಂತೆ ಬರೆದಿಡುವುದು. ಬುಡ ಉಬ್ಬಿದ ಮರವನ್ನು ಎಲ್ಲಿ ಅಳೆಯಬೇಕು, ಕವಲೊಡೆದ ಕಾಂಡವನ್ನು ಒಂದೆಂದು ಎಣಿಸಬೇಕೋ ಎರಡೆಂದೋ, ಒಣಗಿ ನಿಂತು ಬುಡದಲ್ಲಿ ಚಿಗುರಿದ್ದನ್ನು ಸತ್ತದ್ದೆಂದು ಬರೆಯಬೇಕೋ ಬದುಕಿದ್ದೆಂದೋ, ಇವೆಲ್ಲ ಕ್ಷುಲ್ಲಕವಾಗಿ ಕಾಣುತ್ತವೆ. ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಕಾಡು ಬದಲಾಯಿತೋ ಬರೆಯುವವನು ಬದಲಾದನೋ ಎಂದು ಮುಂದೆ ಯಾರೂ ಹೇಳಲಾರರು. ಹೊಸ ಉಪಕರಣ ಬಂದಾಗ ಹಳೆಯದನ್ನು ಕೂಡಲೇ ಮೂಲೆಗೆ ಎಸೆಯದೆ, ಕೆಲವು ಕಾಲ ಎರಡನ್ನೂ ಜೊತೆಯಲ್ಲಿ ಬಳಸಿ, ಒಂದರ ಅಳತೆ ಇನ್ನೊಂದರ ಅಳತೆಗೆ ಹೇಗೆ ಹೊಂದುತ್ತದೆಂದು ನೋಡಬೇಕು.

ಎರಡನೆಯದು, ಜನ. ಮುದುಮಲೆಯ ಎಣಿಕೆ ನಿಂತಿರುವುದು ಬೆಂಗಳೂರಿನಿಂದ ಹೋದ ವಿದ್ವಾಂಸರ ಮೇಲಷ್ಟೇ ಅಲ್ಲ. ಆ ಕಾಡಿನಂಚಿನ ಬುಡಕಟ್ಟುಗಳ ಜನ ಅದರಲ್ಲಿ ವರ್ಷಾನುವರ್ಷ ದುಡಿದಿದ್ದಾರೆ. ಎಲೆಯುದುರಿದ ಬೇಸಗೆಯಲ್ಲಿ ತೊಗಟೆಯನ್ನು ನೋಡಿಯೇ ಇದು ಮತ್ತಿ, ಇದು ದಿಂಡಿಗ, ಇದು ನಂದಿ ಎಂದು ಹೇಳಬಲ್ಲ ಕಣ್ಣು ಪುಸ್ತಕದಿಂದ ಬರುವುದಲ್ಲ. ಪೊದೆಯ ಹಿಂದೆ ಆನೆಯಿರುವುದನ್ನು ಮೊದಲು ಅರಿಯುವವರೂ ಅವರೇ. ಸಂಶೋಧನ ವಿದ್ಯಾರ್ಥಿ ನಾಲ್ಕೈದು ವರ್ಷ ಇದ್ದು ಪದವಿ ಪಡೆದು ಹೋಗುತ್ತಾನೆ. ಅಧ್ಯಯನದ ನೆನಪನ್ನು ಹೊತ್ತು ಉಳಿಯುವವರು ಇವರು. ಇವರಿಗೆ ಕಾಲಕ್ಕೆ ಸರಿಯಾಗಿ ಸಂಬಳ ದೊರೆಯುವಂತೆ, ವರ್ಷಕ್ಕೊಮ್ಮೆ ಕೆಲಸ ಹೋಗುವ ಭಯವಿಲ್ಲದಂತೆ ನೋಡಿಕೊಳ್ಳುವುದು ಆಡಳಿತದ ವಿಷಯವೆಂದು ತೋರಬಹುದು. ಹಾಗೆ ನೋಡಿದರೆ ಅದು ವಿಜ್ಞಾನದ ವಿಷಯವೇ. ಅನುಭವಸ್ಥನಾದ ಒಬ್ಬ ಸಹಾಯಕ ಬಿಟ್ಟುಹೋದರೆ ಲೆಕ್ಕದ ನಂಬಿಕೆಗೇ ಪೆಟ್ಟು ಬೀಳುತ್ತದೆ.

ಮೂರನೆಯದು ಹಣ. ಅನುದಾನಗಳು ಮೂರು ವರ್ಷಕ್ಕೋ ಐದು ವರ್ಷಕ್ಕೋ ಮಂಜೂರಾಗುತ್ತವೆ. ಪ್ರತಿಸಲವೂ ಹೊಸತೇನು ಎಂಬ ಪ್ರಶ್ನೆ ಏಳುತ್ತದೆ. "ಕಳೆದ ಸಲ ಮಾಡಿದ್ದನ್ನೇ ಈ ಸಲವೂ ಮಾಡುತ್ತೇವೆ" ಎಂಬ ಉತ್ತರಕ್ಕೆ ಹಣ ಹುಟ್ಟುವುದು ಕಷ್ಟ. ಆದರೆ ಈ ಅಧ್ಯಯನದ ಬೆಲೆಯಿರುವುದು ಆ ಉತ್ತರದಲ್ಲಿಯೇ. ಆದಕಾರಣ ಮುಂದಾಳಾದವನು ಹೊಸ ಪ್ರಶ್ನೆಗಳನ್ನು ಹುಟ್ಟಿಸಿ ಅವುಗಳ ಹೆಸರಿನಲ್ಲಿ ಹಳೆಯ ಎಣಿಕೆಯನ್ನು ಉಳಿಸಿಕೊಳ್ಳುವ ಜಾಣ್ಮೆಯನ್ನು ಕಲಿಯಬೇಕಾಗುತ್ತದೆ. ಅಮೆರಿಕ 1980ರಲ್ಲಿ ಇಂತಹ ಅಧ್ಯಯನಗಳಿಗೆಂದೇ ಪ್ರತ್ಯೇಕ ಏರ್ಪಾಟು ಮಾಡಿತು. ಭಾರತ ಸರ್ಕಾರವೂ 2015ರಲ್ಲಿ ದೀರ್ಘಕಾಲಿಕ ಪರಿಸರ ವೀಕ್ಷಣಾಲಯಗಳ ಕಾರ್ಯಕ್ರಮವನ್ನು ಘೋಷಿಸಿತು. ಇವು ಸ್ವಾಗತಾರ್ಹ. ಆದರೆ ಘೋಷಣೆ ಒಂದು ದಿನದ್ದು, ಎಣಿಕೆ ಪ್ರತಿವರ್ಷದ್ದು. ತಪ್ಪಿಹೋದ ಒಂದು ವರ್ಷದ ಲೆಕ್ಕವನ್ನು ಆಮೇಲೆ ಎಷ್ಟು ಕೋಟಿ ಕೊಟ್ಟರೂ ಕೊಂಡು ತರಲಾಗುವುದಿಲ್ಲ.

ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಕಠಿಣವಾದುದು, ಬಿಟ್ಟುಕೊಡುವುದು. ಪ್ರಾಧ್ಯಾಪಕನಿಗೆ ನಿವೃತ್ತಿಯುಂಟು; ಕಾಡಿಗಿಲ್ಲ. ಹೆಮ್ಮರವೊಂದರ ಆಯುಸ್ಸು ಅಧ್ಯಾಪಕನ ಸೇವಾವಧಿಯ ನಾಲ್ಕೈದು ಪಟ್ಟು. ತಾನು ಆರಂಭಿಸಿದ್ದರ ಫಲವನ್ನು ತಾನು ಕಾಣಲಾರೆನೆಂದು ತಿಳಿದೂ ಆರಂಭಿಸಬೇಕು. ತನ್ನ ಬಳಿಕ ಬರುವವನನ್ನು ತಾನಿರುವಾಗಲೇ ಸಿದ್ಧಗೊಳಿಸಬೇಕು. ಅಂಕಿಗಳನ್ನು ತನ್ನ ಸ್ವಂತ ಆಸ್ತಿಯೆಂಬಂತೆ ಬಚ್ಚಿಡದೆ, ಇತರರಿಗೆ ಅರ್ಥವಾಗುವಂತೆ ವಿವರಗಳೊಡನೆ ಜೋಡಿಸಿಡಬೇಕು. ನಮ್ಮ ಕ್ಷೇತ್ರದಲ್ಲಿಯೂ ಇದಕ್ಕೆ ನಿದರ್ಶನವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಶಬ್ದಗಳ ಚೀಟಿಗಳನ್ನು ಬರೆದವರಲ್ಲಿ ಅನೇಕರು ಕೊನೆಯ ಸಂಪುಟವನ್ನು ನೋಡಲಿಲ್ಲ. ಆದರೂ ಅವರ ಚೀಟಿಗಳು ಕೆಲಸಕ್ಕೆ ಬಂದವು. ಏಕೆಂದರೆ ಎಲ್ಲರೂ ಒಂದೇ ಕ್ರಮದಲ್ಲಿ ಬರೆದಿದ್ದರು.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ನಮಗೇನು ಸಂಬಂಧ ಎಂದು ಕೇಳುಗರು ಭಾವಿಸಬೇಕಾಗಿಲ್ಲ. ನಮ್ಮ ನಾಡಿನ ಜಿಲ್ಲೆ ಜಿಲ್ಲೆಗಳಲ್ಲಿಯೂ ಕಾಲೇಜುಗಳಿವೆ, ವಿಶ್ವವಿದ್ಯಾನಿಲಯಗಳಿವೆ. ಅಂಗಳದ ಬಾವಿಯ ನೀರಿನ ಮಟ್ಟ, ದಿನದ ಮಳೆ, ಆವರಣದ ಹೊಂಗೆಮರ ಚಿಗುರುವ ದಿನ, ಊರಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಸಂಖ್ಯೆ, ಇವುಗಳಲ್ಲಿ ಒಂದನ್ನಾದರೂ ಒಂದೊಂದು ಕಾಲೇಜು ಆರಿಸಿಕೊಂಡು ಒಂದೇ ಕ್ರಮದಿಂದ ಬರೆದಿಡಬಹುದು. ಅದಕ್ಕೆ ಬೇಕಾದ ಹಣ ಅತ್ಯಲ್ಪ. ಬೇಕಾದುದು, ಈ ವರ್ಷದ ಅಧ್ಯಾಪಕ ಮುಂದಿನ ವರ್ಷದ ಅಧ್ಯಾಪಕನ ಕೈಗೆ ಆ ಪುಸ್ತಕವನ್ನು ಒಪ್ಪಿಸಿ, ಅವನಿಂದ ರುಜು ಪಡೆಯುವ ಶಿಸ್ತು. ಹವಾಮಾನ ಬದಲಾಗುತ್ತಿದೆಯೆಂದು ನಾವು ದಿನವೂ ಮಾತನಾಡುತ್ತಿದ್ದೇವೆ. ನಮ್ಮ ಊರಿನಲ್ಲಿ ಏನು ಬದಲಾಗಿದೆ, ಎಂದಿನಿಂದ, ಎಷ್ಟು ಎಂದು ನಮ್ಮ ಮೊಮ್ಮಕ್ಕಳು ಕೇಳುವ ದಿನ ಬರುತ್ತದೆ. ಅಂದು ಅವರ ಕೈಗೆ ಕೊಡಲು ಬರೆದ ಪುಸ್ತಕವೊಂದು ಇರುವುದೋ ಇಲ್ಲವೋ ಎಂಬುದನ್ನು ಈ ವರ್ಷವೇ ನಿರ್ಧರಿಸಬೇಕಾಗಿದೆ.