ಸಾಮಿ ಮಿಖಾಯೇಲನ ಭಾಷಾಂತರಣ

ಹೀಬ್ರೂ ಕಾದಂಬರಿಕಾರರಲ್ಲಿ ಹೆಸರಾಂತ ಸಾಮಿ ಮಿಖಾಯೇಲನಿಗೆ ಹೀಬ್ರೂ ತಾಯ್ನುಡಿಯಲ್ಲ. ಈತನು ಹುಟ್ಟಿದುದು 1926ರಲ್ಲಿ, ಬಾಗ್ದಾದಿನ ಯೆಹೂದ್ಯ ಕುಟುಂಬದಲ್ಲಿ. ಮನೆಯ ಮಾತೂ ಬೀದಿಯ ಮಾತೂ ಅರಬ್ಬಿಯೇ. ತಾರುಣ್ಯದಲ್ಲಿ ಕಮ್ಯೂನಿಸ್ಟರನ್ನು ಸೇರಿ ಸರ್ಕಾರದ ಕಣ್ಣಿಗೆ ಬಿದ್ದು, 1948ರಲ್ಲಿ ಇರಾನಿಗೆ ತಪ್ಪಿಸಿಕೊಂಡು, ಮರುವರ್ಷ ಇಸ್ರೇಲನ್ನು ಸೇರಿದನು. ಹೈಫಾ ನಗರದಲ್ಲಿ ಆ ಪಕ್ಷದ ಅರಬ್ಬೀ ಪತ್ರಿಕೆಗೆ ಬರೆಯುತ್ತಿದ್ದವನು 1955ರಲ್ಲಿ ಪಕ್ಷವನ್ನೇ ತೊರೆದನು. ಅದರೊಡನೆ ಅರಬ್ಬೀ ಓದುಗರೂ ಕೈತಪ್ಪಿದರು. ಲೇಖಕನಿಗೆ ಇದಕ್ಕಿಂತ ದೊಡ್ಡ ವಲಸೆ ಮತ್ತೊಂದುಂಟೆ?

ಜೀವನೋಪಾಯಕ್ಕೆ ಸುಮಾರು 25 ವರ್ಷ ಜಲಶಾಸ್ತ್ರಜ್ಞನಾಗಿ ದುಡಿದನು. ಮೊದಲನೆಯ ಹೀಬ್ರೂ ಕಾದಂಬರಿ ಹೊರಬಂದುದು 1974ರಲ್ಲಿ. ಆಗ ವಯಸ್ಸು ಐವತ್ತರ ಸಮೀಪ. ಅರಬ್ ದೇಶಗಳಿಂದ ಬಂದು ವಲಸೆಗಾರರ ಪಾಳೆಯಗಳಲ್ಲಿ ತಂಗಿದ ಯೆಹೂದ್ಯರು ಯೂರೋಪಿನಿಂದ ಬಂದ ಸ್ವಮತೀಯರ ಕೈಯಲ್ಲಿ ಪಟ್ಟ ಅವಮಾನವೇ ಅದರ ವಸ್ತು. ಕಲಿತ ಭಾಷೆಯಲ್ಲಿಯೇ ಆ ಭಾಷೆಯ ಸಮಾಜದ ತಾರತಮ್ಯವನ್ನು ಬಯಲಿಗಿಟ್ಟುದು ಸಾಮಾನ್ಯ ಧೈರ್ಯವಲ್ಲ.

1993ರ ‘ವಿಕ್ಟೋರಿಯಾ’ದಲ್ಲಿ ಈತನ ಕಲ್ಪನೆ ಮತ್ತೆ ಬಾಗ್ದಾದಿನ ಯೆಹೂದ್ಯರ ಕೇರಿಗೆ ಮರಳಿತು. ಅರಬ್ಬಿಯ ಋಣವನ್ನೂ ಈತನು ಮರೆಯಲಿಲ್ಲ: ಈಜಿಪ್ಟಿನ ನಗೀಬ್ ಮಹಫೂಜನ ಕೈರೋ ಕಾದಂಬರಿತ್ರಯವನ್ನು ಹೀಬ್ರೂವಿಗೆ ತಂದವನು ಈತನೇ. 2024ರ ಏಪ್ರಿಲಿನಲ್ಲಿ ಮರಣಹೊಂದಿದನು.