ಗಾಯಗಳೊಂದಿಗೆ ಎದ್ದು ಬಂದವನು

ಪ್ರತಿವರ್ಷ ಶುಭ ಶುಕ್ರವಾರದ ಬೆಳಗ್ಗೆ ನನ್ನ ಮೊಬೈಲ್‌ಗೆ ನಾಲ್ಕೈದಾದರೂ ‘ಹ್ಯಾಪಿ ಗುಡ್ ಫ್ರೈಡೇ’ ಸಂದೇಶಗಳು ಬರುತ್ತವೆ. ಕಳುಹಿಸಿದವರ ಮೇಲೆ ಬೇಸರವೇನಿಲ್ಲ. ಹೆಸರಿನಲ್ಲೇ ‘ಗುಡ್’ ಇರುವಾಗ ಶುಭಾಶಯ ಹೇಳಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದು ಯೇಸುವನ್ನು ಶಿಲುಬೆಗೇರಿಸಿದ ದಿನ. ಅಂದು ಚರ್ಚಿನ ಗಂಟೆ ಮೊಳಗುವುದಿಲ್ಲ, ಬಲಿಪೂಜೆ ನಡೆಯುವುದಿಲ್ಲ, ಪೀಠದ ಮೇಲೆ ಒಂದು ಬಟ್ಟೆಯನ್ನೂ ಹಾಸಿರುವುದಿಲ್ಲ. ಮನೆಯಲ್ಲಿ ಉಪವಾಸ. ಶುಭಾಶಯ ಹೇಳಬೇಕಾದ ದಿನ ಬರುವುದು ಭಾನುವಾರ, ಈಸ್ಟರ್‌ಗೆ.

ಶುಕ್ರವಾರ ಎಲ್ಲರಿಗೂ ಗೊತ್ತು, ಭಾನುವಾರ ಅಷ್ಟಾಗಿ ಗೊತ್ತಿಲ್ಲ. ಕನ್ನಡದ ಓದುಗರಿಗೂ ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಕಾವ್ಯದ ಮೂಲಕ ಹೆಚ್ಚು ಪರಿಚಯವಾದದ್ದು ಕ್ರಿಸ್ತನ ಸಾವೇ. ಅದು ಸಹಜ ಕೂಡ. ಒಳ್ಳೆಯವನೊಬ್ಬನನ್ನು ಅನ್ಯಾಯವಾಗಿ ಕೊಂದರು ಎಂದರೆ ಯಾವ ಧರ್ಮದವರ ಮನಸ್ಸಾದರೂ ಕರಗುತ್ತದೆ. ಆದರೆ ಸತ್ತವನು ಎದ್ದು ಬಂದ ಎಂದರೆ? ‘ನೀನು ಇಷ್ಟೆಲ್ಲ ಓದಿದವಳು, ಇದನ್ನು ನಿಜವಾಗ್ಲೂ ನಂಬ್ತೀಯಾ ಮಾರಾಯ್ತಿ?’ ಎಂದು ಹಾಸ್ಟೆಲ್‌ನ ಗೆಳತಿಯರು ಕೇಳಿದ್ದಾರೆ. ನಂಬುತ್ತೇನೆ. ಆದರೆ ಸಿನಿಮಾದಲ್ಲಿ ಚಿತೆಯಿಂದ ಎದ್ದು ಕೂರುವ ನಾಯಕನ ಹಾಗೆ ಅಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹಾಗಾಗಿ ಪುನರುತ್ಥಾನ, ರಕ್ಷಣೆ ಎನ್ನುವ ಶಬ್ದಗಳು ನನಗೆ ಈಗ ಭಾನುವಾರದ ಧರ್ಮಪಾಠದ ಪ್ರಶ್ನೋತ್ತರಗಳಲ್ಲ. ಅವುಗಳಲ್ಲಿ ಹುರುಳಿದೆಯೇ ಎಂಬುದು ನನಗೆ ಗೊತ್ತಾಗಲೇಬೇಕಿತ್ತು.

ಮರಳಿ ಬರುವುದು ಬೇರೆ

ಯೊವಾನ್ನನ ಶುಭಸಂದೇಶದಲ್ಲಿ ಲಾಸರನ ಕಥೆ ಬರುತ್ತದೆ. ಜೆರುಸಲೇಮಿನ ಹತ್ತಿರದ ಬೆಥಾನಿಯ ಊರಿನವನು, ಯೇಸುವಿನ ಗೆಳೆಯ. ಸತ್ತು ಸಮಾಧಿ ಸೇರಿ ನಾಲ್ಕು ದಿನವಾಗಿತ್ತು. ಯೇಸು ಕರೆದಾಗ ಅವನು ಕೈಕಾಲಿಗೆ ಸುತ್ತಿದ ಬಟ್ಟೆಯ ಸಮೇತ ಹೊರಗೆ ಬಂದ. ಇದು ಪುನರುತ್ಥಾನವೇ? ಕ್ರೈಸ್ತ ನಂಬಿಕೆಯ ಪ್ರಕಾರ ಪೂರ್ತಿ ಅರ್ಥದಲ್ಲಿ ಅಲ್ಲ. ಲಾಸರ ಹಳೆಯ ಬದುಕಿಗೇ ಮರಳಿದ. ಮುಂದೆ ಎಂದೋ ಒಂದು ದಿನ ಮತ್ತೆ ಸಾಯಲೇಬೇಕಿತ್ತು. ಯೇಸುವಿನ ಪುನರುತ್ಥಾನ ಎಂದರೆ ಸಾವಿನಿಂದ ಹಿಂದಕ್ಕೆ ಬರುವುದಲ್ಲ, ಸಾವನ್ನು ದಾಟಿ ಆಚೆಗೆ ಹೋಗುವುದು. ಅಲ್ಲಿ ಸಾವಿಗೆ ಮತ್ತೆ ಕೈಚಾಚಲು ಆಗುವುದಿಲ್ಲ.

ಇದು ಪುನರ್ಜನ್ಮವೂ ಅಲ್ಲ. ಇನ್ನೊಂದು ಹೆಸರು, ಇನ್ನೊಂದು ಒಡಲು ಹೊತ್ತು ಹುಟ್ಟುವ ಮಾತು ಇಲ್ಲಿಲ್ಲ. ಅದೇ ವ್ಯಕ್ತಿ, ಅದೇ ಗುರುತು. ದೇಹ ಮಣ್ಣಾಗಿ ಆತ್ಮ ಮಾತ್ರ ಉಳಿಯುತ್ತದೆ ಎನ್ನುವುದೂ ಇದಲ್ಲ. ನಾವು ಚರ್ಚಿನಲ್ಲಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ದೇಹದ ಪುನರುತ್ಥಾನ ಎಂದು ಸ್ಪಷ್ಟವಾಗಿಯೇ ಇದೆ. ನಮ್ಮಲ್ಲಿ ಶವವನ್ನು ಹೂಳುವ ಪದ್ಧತಿಯ ಹಿಂದೆ ಈ ನಂಬಿಕೆಯಿದೆ. 1963ರಲ್ಲಿ ಕಥೋಲಿಕ ಧರ್ಮಸಭೆ ದಹನಕ್ಕೂ ಅವಕಾಶ ಕೊಟ್ಟಿತು. ಬೂದಿಯಾದದ್ದನ್ನು ಎಬ್ಬಿಸಲು ದೇವರಿಗೆ ಕಷ್ಟವಿಲ್ಲವಲ್ಲ! ಮುಖ್ಯ ಮಾತು ಇಷ್ಟೇ: ದೇಹ ಎನ್ನುವುದು ಕಳಚಿ ಬಿಸಾಡುವ ಹಳೆಯ ಅಂಗಿಯಲ್ಲ. ಉಂಡ, ದುಡಿದ, ಮಕ್ಕಳನ್ನು ಎತ್ತಿಕೊಂಡ ಈ ಒಡಲೂ ದೇವರಿಗೆ ಬೇಕು.

ಸ್ವಾರಸ್ಯವೆಂದರೆ, ಯೇಸು ಎದ್ದ ಕ್ಷಣವನ್ನು ನಾಲ್ಕು ಶುಭಸಂದೇಶಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಅಲ್ಲಿರುವುದು ಉರುಳಿದ ಕಲ್ಲು, ಬರಿದಾದ ಸಮಾಧಿ. ಮೊದಲು ನೋಡಿದವರು ಹೆಂಗಸರು. ಮಾರ್ಕನ ಶುಭಸಂದೇಶದ ಅತಿ ಹಳೆಯ ಹಸ್ತಪ್ರತಿಗಳು ಆ ಹೆಂಗಸರು ಹೆದರಿ ಓಡಿದರು ಎನ್ನುವಲ್ಲಿಗೇ ಮುಗಿಯುತ್ತವೆ. ಹೆಣ್ಣಿನ ಸಾಕ್ಷಿಗೆ ಹೆಚ್ಚು ಬೆಲೆಯಿಲ್ಲದ ಕಾಲವದು. ಕಥೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿದ್ದರೇ? ಇದೇ ಪುರಾವೆ ಎಂದು ನಾನು ವಾದಿಸುವುದಿಲ್ಲ. ಆದರೆ ಮಗ್ದಲದ ಮರಿಯಳ ಬಗ್ಗೆ ನನಗೊಂದು ಸಲುಗೆಯಿದೆ. ಅಳುತ್ತಾ ನಿಂತಿದ್ದ ಅವಳು ಎದುರಿಗಿದ್ದ ಯೇಸುವನ್ನು ತೋಟದ ಮಾಲಿ ಎಂದುಕೊಂಡಳು. ಅವನು ಹೆಸರು ಹಿಡಿದು ಕರೆದಾಗಲೇ ಗುರುತು ಹತ್ತಿದ್ದು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ಸ್ಮರಣೆಯ ದಿನವಾದ ಜುಲೈ 22ನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು. ಸುದ್ದಿಯನ್ನು ಮೊದಲು ಶಿಷ್ಯರಿಗೆ ಮುಟ್ಟಿಸಿದವಳು ಅವಳೇ ತಾನೇ!

ತೋಮ ಕೇಳಿದ್ದೇನು?

ಹೆಸರು ಕೆಡಿಸಿಕೊಂಡ ಶಿಷ್ಯನೆಂದರೆ ತೋಮ. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದು, ಚೆನ್ನೈನ ಮೈಲಾಪುರದಲ್ಲಿ ಪ್ರಾಣಬಿಟ್ಟನೆಂದು ಪರಂಪರೆ ಹೇಳುವ ತೋಮನೇ ಇವನು. ಸಂಶಯಪಡುವವರಿಗೆಲ್ಲ ಇವನ ಹೆಸರೇ ಅಂಟಿಕೊಂಡಿದೆ. ಆದರೆ ಅವನು ಕೇಳಿದ್ದೇನು? ಹೊಸ ಪವಾಡವನ್ನಲ್ಲ, ಆಕಾಶದಿಂದ ಬೆಳಕನ್ನೂ ಅಲ್ಲ. ಮೊಳೆ ಹೊಡೆದ ಗುರುತು ಕಾಣಬೇಕು, ಈಟಿ ತಿವಿದ ಪಕ್ಕೆಯನ್ನು ಮುಟ್ಟಬೇಕು ಎಂದ. ಎಂಟು ದಿನದ ಬಳಿಕ ಯೇಸು ಬಂದು ಅವನ್ನೇ ತೋರಿಸಿದ.

ಸಾವನ್ನೇ ಗೆದ್ದವನಿಗೆ ನಾಲ್ಕು ಗಾಯದ ಕಲೆ ಅಳಿಸುವುದು ಕಷ್ಟವಿತ್ತೇ? ಆದರೂ ಅವು ಉಳಿದವು. ನನ್ನ ಮಟ್ಟಿಗೆ ಪುನರುತ್ಥಾನದ ತಿರುಳು ಇರುವುದು ಇಲ್ಲಿ. ಎದ್ದು ಬಂದವನು ಶುಕ್ರವಾರ ಏನೂ ಆಗಿಯೇ ಇಲ್ಲ ಎನ್ನುವಂತೆ ಬರಲಿಲ್ಲ.

ಅಪ್ಪನ ಶವಸಂಸ್ಕಾರಕ್ಕೆ ಬಂದ ಬಹಳ ಜನ ಅಮ್ಮನಿಗೆ ಹೇಳಿದ್ದು ಒಂದೇ ಮಾತು: ‘ಅಳಬೇಡಿ, ಅವರು ದೇವರ ಹತ್ತಿರ ಸುಖವಾಗಿದ್ದಾರೆ.’ ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಅಮ್ಮ ಅತ್ತರೆ ವಿಶ್ವಾಸ ಕಡಿಮೆಯಾಯಿತು ಎಂದಾದೀತೆಂದು ತುಟಿ ಕಚ್ಚಿ ಕುಳಿತರು. ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಒಂದು ಸಂಜೆ ನಮ್ಮ ಧರ್ಮಕೇಂದ್ರದ ಹಿರಿಯ ಗುರುಗಳು ಮನೆಗೆ ಬಂದರು. ಪ್ರಾರ್ಥನೆ ಮುಗಿಸಿ, ‘ಅತ್ತುಬಿಡಮ್ಮ. ಲಾಸರನ ಸಮಾಧಿ ಮುಂದೆ ಯೇಸುಸ್ವಾಮಿಯೇ ಅತ್ತಿದ್ದಾರೆ’ ಎಂದರು. ಅಂದು ಅಮ್ಮ ಬಿಕ್ಕಿ ಬಿಕ್ಕಿ ಅತ್ತರು. ರಾತ್ರಿ ತಾವಾಗಿಯೇ ಗಂಜಿ ಬಡಿಸಿಕೊಂಡರು.

ಆಮೇಲೆ ನಾನು ಆ ಅಧ್ಯಾಯವನ್ನು ಮತ್ತೆ ತೆಗೆದು ಓದಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಸರನನ್ನು ಎಬ್ಬಿಸಲಿರುವ ಯೇಸು, ಅದು ಗೊತ್ತಿದ್ದೂ ಅಳುತ್ತಾನೆ. ಪುನರುತ್ಥಾನದ ಬಗ್ಗೆ ಎಲ್ಲರಿಗಿಂತ ದೀರ್ಘವಾಗಿ ಬರೆದ ಸಂತ ಪೌಲ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಸಾವನ್ನು ಶತ್ರುವೆಂದೇ ಕರೆಯುತ್ತಾನೆ. ಕೊನೆಗೆ ಸೋಲಬೇಕಾದ ಶತ್ರು. ಸಾವು ದೊಡ್ಡದಲ್ಲ, ಸುಮ್ಮನೆ ಒಂದು ಬಾಗಿಲು ಎಂದೆಲ್ಲ ಅವನು ಸಮಾಧಾನ ಹೇಳುವುದಿಲ್ಲ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ವಿಶ್ವಾಸವೇ ವ್ಯರ್ಥ ಎಂದು ನೇರವಾಗಿ ಬರೆದವನೂ ಅವನೇ. ಹಾಗಾದರೆ ನಂಬುವವರು ಅಳಬಾರದು ಎಂದು ನಮಗೆ ಕಲಿಸಿದವರು ಯಾರು?

ರಕ್ಷಣೆ ಬರುವುದು ಎಂದು?

ಇನ್ನೊಂದು ಶಬ್ದ ರಕ್ಷಣೆ. ಕನ್ನಡದ ಬೈಬಲ್ ಅನುವಾದಗಳಲ್ಲಿ ರಕ್ಷಣೆ, ಜೀವೋದ್ಧಾರ ಎಂಬ ಪದಗಳಿವೆ. ಹುಟ್ಟು ಸಾವುಗಳ ಚಕ್ರದಿಂದ ಬಿಡುಗಡೆ ಎಂಬ ಅರ್ಥದ ಮೋಕ್ಷಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ರಕ್ಷಿಸು ಎನ್ನುವುದಕ್ಕೂ, ರೋಗಿಯನ್ನು ಗುಣಪಡಿಸು ಎನ್ನುವುದಕ್ಕೂ, ನೀರಿನಲ್ಲಿ ಮುಳುಗುವವನನ್ನು ಎಳೆದುಕೊ ಎನ್ನುವುದಕ್ಕೂ ಒಂದೇ ಕ್ರಿಯಾಪದ ಬಳಕೆಯಾಗಿದೆ. ಯೇಸು ಎಂಬ ಹೆಸರಿನ ಹೀಬ್ರೂ ಮೂಲದಲ್ಲೂ ದೇವರು ರಕ್ಷಿಸುತ್ತಾನೆ ಎಂಬ ಅರ್ಥವಿದೆ.

ಹಾಗಾಗಿ ರಕ್ಷಣೆ ಎಂದರೆ ಸತ್ತ ಮೇಲೆ ಸ್ವರ್ಗಕ್ಕೆ ಸಿಗುವ ಟಿಕೆಟ್ ಮಾತ್ರವಲ್ಲ. ಲೂಕನ ಶುಭಸಂದೇಶದಲ್ಲಿ ಜೆರಿಕೊ ಪಟ್ಟಣದ ಜಕ್ಕಾಯ ಬರುತ್ತಾನೆ. ಸುಂಕ ವಸೂಲಿಯವರ ಮುಖ್ಯಸ್ಥ, ಹಣವಂತ, ಊರಿಗೆ ಬೇಡವಾದವನು. ಗುಂಪಿನ ನಡುವೆ ಯೇಸುವನ್ನು ನೋಡಲಾಗದೆ ಕುಳ್ಳ ಜಕ್ಕಾಯ ಮರ ಹತ್ತಿ ಕೂತಿದ್ದ. ಯೇಸು ಅವನಿಗೆ ಉಪದೇಶ ಮಾಡಲಿಲ್ಲ, ನಿನ್ನ ಮನೆಗೆ ಬರುತ್ತೇನೆ ಇಳಿದು ಬಾ ಎಂದ. ಅಷ್ಟಕ್ಕೇ ಆ ಮನುಷ್ಯ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕು ಪಟ್ಟು ವಾಪಸ್ ಎಂದು ಸಾರಿದ. ಆಗ ಯೇಸು, ರಕ್ಷಣೆ ಈ ಮನೆಗೆ ಈ ದಿನವೇ ಬಂದಿದೆ ಎಂಬರ್ಥದ ಮಾತು ಹೇಳಿದ. ಗಮನಿಸಿ, ಅದು ಬಂದದ್ದು ಜಕ್ಕಾಯ ಸತ್ತ ಮೇಲಲ್ಲ. ಬಂದದ್ದು ಮನೆಗೆ, ಲೆಕ್ಕದ ಪುಸ್ತಕಕ್ಕೆ.

ಇಲ್ಲಿ ಕ್ರಮವನ್ನೂ ನೋಡಬೇಕು. ಜಕ್ಕಾಯ ಒಳ್ಳೆಯವನಾದ ಮೇಲೆ ಯೇಸು ಬರಲಿಲ್ಲ, ಯೇಸು ಬರುತ್ತೇನೆಂದ ಮೇಲೆ ಅವನು ಒಳ್ಳೆಯವನಾದ. ರಕ್ಷಣೆಯನ್ನು ಸತ್ಕಾರ್ಯಗಳಿಂದ ಗಳಿಸಬಹುದೇ ಎಂಬ ಪ್ರಶ್ನೆ 1517ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ವಾದದಲ್ಲಿ ದೊಡ್ಡದಾಗಿ, ಪಶ್ಚಿಮದ ಕ್ರೈಸ್ತರನ್ನು ಎರಡು ಪಾಲು ಮಾಡಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಅದರ ಸಾರ ಇದು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಅರ್ಹತೆ ನೋಡಿ ಅಲ್ಲ, ತನ್ನ ಕೃಪೆಯಿಂದ. ಒಳ್ಳೆಯ ಕೆಲಸ ಅದರ ಫಲ. ಅಂಕ, ರ‍್ಯಾಂಕ್, ಪ್ಯಾಕೇಜ್, ಫಾಲೋವರ್ಸ್ ಎಂದು ದಿನಾ ಅಳೆಸಿಕೊಳ್ಳುವ ನಮ್ಮ ವಯಸ್ಸಿನವರಿಗೆ ಸತ್ತವನು ಎದ್ದ ಎನ್ನುವುದಕ್ಕಿಂತ ಇದನ್ನು ನಂಬುವುದೇ ಕಷ್ಟವೇನೋ.

ಇಸ್ತಾಂಬುಲ್‌ನ ಕೋರಾ ಎಂಬ ಹಳೆಯ ಚರ್ಚಿನಲ್ಲಿ 14ನೇ ಶತಮಾನದ ಒಂದು ಭಿತ್ತಿಚಿತ್ರವಿದೆ. ನಾನು ಫೋಟೊದಲ್ಲಿ ಮಾತ್ರ ನೋಡಿದ್ದು. ಬಿಳಿ ಬಟ್ಟೆಯ ಕ್ರಿಸ್ತ ಆದಾಮ ಮತ್ತು ಹವ್ವರನ್ನು ಸಮಾಧಿಗಳಿಂದ ಮೇಲಕ್ಕೆ ಎಳೆಯುತ್ತಿದ್ದಾನೆ. ಹಿಡಿದಿರುವುದು ಬೆರಳುಗಳನ್ನಲ್ಲ, ಮಣಿಕಟ್ಟನ್ನು. ಬಾವಿಗೆ ಬಿದ್ದವರನ್ನು ಎತ್ತುವಾಗ ಹಾಗೆಯೇ ತಾನೇ ಹಿಡಿಯುವುದು? ಬಿದ್ದವನಿಗೆ ತಾನೇ ಬಿಗಿಯಾಗಿ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ.

ಹಾಗೆ ಎತ್ತಲ್ಪಟ್ಟವರು ಹೇಗೆ ಬದುಕುತ್ತಾರೆ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಗುಂಪೊಂದು ವಾಹನದಲ್ಲೇ ಸುಟ್ಟು ಕೊಂದಿತು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಅವರ ಪತ್ನಿ ಗ್ಲಾಡಿಸ್. ಮುಂದಿನ ಕೆಲವು ವರ್ಷ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕ್ಷಮೆಯಿಂದ ನ್ಯಾಯಾಲಯದ ಪ್ರಕರಣ ನಿಲ್ಲಲಿಲ್ಲ, ಮಕ್ಕಳು ಮರಳಿ ಬರಲಿಲ್ಲ. ಆ ತಾಯಿಯ ಗಾಯ ಗಾಯವಾಗಿಯೇ ಇತ್ತು. ಅದನ್ನು ಹೊತ್ತುಕೊಂಡೇ ಅವರು ಇನ್ನೊಬ್ಬರ ಹುಣ್ಣು ತೊಳೆಯುವ ಮನೆಯಲ್ಲಿ ನಿಂತರು. ನನಗೆ ಪುನರುತ್ಥಾನ ಅರ್ಥವಾಗುವುದು ಇಂಥವರಿಂದ.

ಈಸ್ಟರ್‌ನ ಹಿಂದಿನ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಹೊರಗೆ ಹೊಸದಾಗಿ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕದ ದೊಡ್ಡ ಮೇಣದಬತ್ತಿಯನ್ನು ಬೆಳಗುತ್ತಾರೆ. ಆ ಬತ್ತಿಯ ಮೇಲೆ ಆ ವರ್ಷದ ಅಂಕಿಗಳಿರುತ್ತವೆ, ಐದು ಧೂಪದ ಕಣಗಳನ್ನು ಚುಚ್ಚಿರುತ್ತಾರೆ. ಅವು ಯೇಸುವಿನ ಐದು ಗಾಯಗಳು. ವರ್ಷವಿಡೀ ಮಕ್ಕಳ ದೀಕ್ಷಾಸ್ನಾನಕ್ಕೆ ಹೊತ್ತಿಸುವುದೂ ಅದನ್ನೇ, ಶವಪೆಟ್ಟಿಗೆಯ ಪಕ್ಕ ನಿಲ್ಲಿಸುವುದೂ ಅದನ್ನೇ. ಅಪ್ಪನ ಪಕ್ಕದಲ್ಲೂ ಅದು ಉರಿದಿತ್ತು. ಈ ಸಲದ ಜಾಗರಣೆಯಲ್ಲಿ ಅದರ ಜ್ವಾಲೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ನಮ್ಮ ಬೆಂಚಿನವರೆಗೆ ಬಂತು. ಅಮ್ಮ ತಮ್ಮ ಸಣ್ಣ ಮೇಣದಬತ್ತಿಯನ್ನು ಹೊತ್ತಿಸಿಕೊಂಡು ನನ್ನದಕ್ಕೆ ತಾಗಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಹೋಗಲಿಲ್ಲ. ಗಂಟೆಗಳು ಮೊಳಗತೊಡಗಿದಾಗ ಎಲ್ಲರೊಂದಿಗೆ ದನಿಗೂಡಿಸಿ ಹಾಡಿದರು.