ಮುಳ್ಳು ಉಳಿಯಿತು, ಕೆಲಸ ನಿಲ್ಲಲಿಲ್ಲ

ಮಾಮೂಲ್‌ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ, ಮೂಟೆ ಹೊತ್ತವರ ನಡುವೆ ದಾರಿ ಮಾಡಿಕೊಂಡು ನೀವು ಎಂದಾದರೂ ಅವೆನ್ಯೂ ರಸ್ತೆಗೆ ಬಂದಿದ್ದೀರಾ? ಪಠ್ಯಪುಸ್ತಕ ಕೊಳ್ಳಲು ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿರಬಹುದು. ಆ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿಗೆ ಆ ಹೆಸರು. 1837ರಲ್ಲಿ ಬೆಂಗಳೂರಿಗೆ ಬಂದ ಅವರು 1887ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಐವತ್ತು ವರ್ಷ, ಈ ಸೀಮೆಯ ಕೆಲಸದಲ್ಲೇ ತೊಡಗಿದ್ದರು.

ಆ ಕಾಲದಲ್ಲಿ ಹೀಗೆ ಐವತ್ತು ವರ್ಷ ನಿಲ್ಲುವುದು ಸುಲಭವಾಗಿರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂಬುದಕ್ಕೆ ರೊನಾಲ್ಡ್ ರಾಸ್ ಆಧಾರ ಕಂಡುಕೊಂಡದ್ದೇ 1897ರಲ್ಲಿ. ಕನ್ನಡ ಬೈಬಲಿನ ಪರಿಷ್ಕರಣೆಗೆ ದುಡಿದ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲೇ ತೀರಿಕೊಂಡರು. ಹಾಗಾದರೆ ಇಂಥವರನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಅವರನ್ನೇ ಕೇಳಿದ್ದರೆ ‘ದೇವರ ಮೇಲಿನ ನಂಬಿಕೆ’ ಎನ್ನುತ್ತಿದ್ದರು. ಈ ಉತ್ತರದ ಅರ್ಥವೇನೆಂದು ಸ್ವಲ್ಪ ಯೋಚಿಸೋಣ.

ನಂಬಿಕೆಯಿದ್ದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದೇ ಇದರ ಅರ್ಥವೆಂದು ಹಲವರು ತಿಳಿಯುತ್ತಾರೆ. ಕ್ರೈಸ್ತ ಧರ್ಮಗ್ರಂಥದಲ್ಲೇ ಇದಕ್ಕೆ ಬೇರೆಯ ಉದಾಹರಣೆಯಿದೆ. ತನ್ನ ದೇಹದಲ್ಲಿ ಒಂದು ಮುಳ್ಳು ನಾಟಿದೆ ಎಂದು ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೇಳಿಕೊಳ್ಳುತ್ತಾನೆ. ಅದನ್ನು ತೆಗೆದುಬಿಡೆಂದು ಮೂರು ಸಲ ಬೇಡುತ್ತಾನೆ. ಮುಳ್ಳು ಹೋಗುವುದಿಲ್ಲ. ಅದರೊಂದಿಗೇ ಬಾಳಲು ಬೇಕಾದಷ್ಟು ಬಲ ಸಿಗುತ್ತದೆಂಬುದು ಅವನಿಗೆ ದೊರೆತ ಉತ್ತರ. ಅಂದರೆ ಇಲ್ಲಿ ನಂಬಿಕೆ ಗುಣವಾಗುವ ಭರವಸೆಯಲ್ಲ, ಮುಂದೆ ನಡೆಯುವ ಬಲ.

ಇದಕ್ಕೆ ಕನ್ನಡ ನಾಡಿನಲ್ಲಿ ದೊಡ್ಡ ನಿದರ್ಶನ ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ದುಡಿದರು. 1864ರಲ್ಲಿ ಪತ್ನಿಯನ್ನು ಕಳೆದುಕೊಂಡರು. 1877ರಲ್ಲಿ ಜರ್ಮನಿಗೆ ಮರಳಿದವರು, ಕನ್ನಡ ಬಲ್ಲವರ ಒಡನಾಟವಿಲ್ಲದೆ ನಿಘಂಟು ಪೂರೈಸದೆಂದು 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ಹಳೆಯ ಕಾವ್ಯ, ಗಾದೆ, ಆಡುಮಾತುಗಳಿಂದ ಪದಗಳನ್ನು ಹೆಕ್ಕಿ, ಒಂದೊಂದಕ್ಕೂ ಅರ್ಥ, ಪ್ರಯೋಗ ಬರೆಯುವ ಕೆಲಸ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದೇ 1905ರಲ್ಲಿ ಎಂಬುದನ್ನು ನೆನೆದರೆ, ಆ ದುಡಿಮೆ ಕಣ್ಣಿಗೆಷ್ಟು ಭಾರವೆಂದು ನೀವೇ ಊಹಿಸಬಹುದು.

ಆರೋಗ್ಯ ಕೈಕೊಟ್ಟು 1892ರಲ್ಲಿ ಅವರು ಊರಿಗೆ ಹಿಂದಿರುಗಿದರು. ಕೆಲಸವನ್ನು ಮಾತ್ರ ಬಿಡಲಿಲ್ಲ. 1894ರಲ್ಲಿ ಸುಮಾರು 70,000 ಪದಗಳ, 1,700ಕ್ಕೂ ಮಿಕ್ಕ ಪುಟಗಳ ನಿಘಂಟು ಮಂಗಳೂರಿನಿಂದ ಹೊರಬಂತು. ಅವರ ಕನ್ನಡ ವ್ಯಾಕರಣ ಅಚ್ಚಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಣು ಮುಚ್ಚಿದರು.

ಗುಬ್ಬಿಗೆ ಬಂದಿದ್ದ ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ ಅವರದು ಇನ್ನೊಂದು ಬಗೆ. 1839ರಲ್ಲಿ ಬಂದ ಅವರು ದೃಷ್ಟಿ ಕೆಟ್ಟು 1841ರಲ್ಲೇ ಹಿಂದಿರುಗಬೇಕಾಯಿತು. ನಂಬಿಕೆ ಅವರ ಕಣ್ಣನ್ನು ಸರಿಪಡಿಸಲಿಲ್ಲ, ಕೆಲಸದ ದಾರಿಯನ್ನು ಬದಲಿಸಿತು. ಅವರು ಬರಹಗಾರರಾದರು. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ತಂದರು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದರ ಇನ್ನೊಂದು ಮುಖವೂ ಕುತೂಹಲದ್ದು. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನೇಕರು ನೋವಿನ ಮದ್ದನ್ನೇ ಕೇಳಲಿಲ್ಲ ಎಂಬುದನ್ನು ಅಮೆರಿಕದ ವೈದ್ಯ ಹೆನ್ರಿ ಬೀಚರ್ ಗಮನಿಸಿ 1946ರಲ್ಲಿ ಪ್ರಕಟಿಸಿದರು. ಗಾಯಕ್ಕೆ ನಾವು ಕೊಡುವ ಅರ್ಥವೂ ನೋವಿನ ಅನುಭವವನ್ನು ಬದಲಿಸುತ್ತದೆಂಬುದು ಅವರ ವಿವರಣೆ. ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿದೆ, ಮಿದುಳಿನಿಂದ ಇಳಿಯುವ ಸಂಕೇತಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು ಎಂದು ಮೆಲ್‌ಜಾಕ್ ಮತ್ತು ವಾಲ್ 1965ರಲ್ಲಿ ಸೂಚಿಸಿದರು. ಪ್ರಾರ್ಥನೆಯ ನಿಯಮ, ಜೊತೆಗಿರುವ ಸಭೆಯ ಆಸರೆ, ‘ನನ್ನಿಂದ ಆಗಬೇಕಾದ ಕೆಲಸವಿದೆ’ ಎಂಬ ಕರೆ: ಇವು ನೋವಿಗೆ ಅರ್ಥ ಕೊಡುತ್ತವೆ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಅದು ಪ್ರಯೋಗಶಾಲೆಯ ಪ್ರಶ್ನೆಯೂ ಅಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಂಬಿಕೆ ಮದ್ದಿನ ಬದಲಿಯಲ್ಲ. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು 1886ರಲ್ಲಿ ಕಟ್ಟಿದವರು ಕ್ರೈಸ್ತ ಸನ್ಯಾಸಿನಿಯರೇ. ಪ್ರಾರ್ಥನೆಯೊಂದೇ ಸಾಕೆಂದಿದ್ದರೆ ಅವರು ಆಸ್ಪತ್ರೆ ಕಟ್ಟುತ್ತಿರಲಿಲ್ಲ. ಕಾಯಿಲೆ ವಾಸಿಯಾಗದವರಿಗೆ ‘ನಿನಗೆ ನಂಬಿಕೆ ಸಾಲದು’ ಎನ್ನುವುದಂತೂ ಕ್ರೌರ್ಯ. ಪೌಲನ ಮುಳ್ಳೂ ಹೋಗಲಿಲ್ಲವಲ್ಲ!

ನಿಮ್ಮ ತರಗತಿಯಲ್ಲೂ ಉಬ್ಬಸದಿಂದ ಬಳಲಿದ ಗೆಳೆಯರಿರಬಹುದು. ಅಥವಾ ಅವರು ನೀವೇ ಇರಬಹುದು. ನಿಮ್ಮ ನಂಬಿಕೆ ಯಾವುದೇ ಆಗಲಿ, ವೈದ್ಯರ ಮಾತು ಕೇಳಿ, ಮದ್ದು ತಪ್ಪಿಸಬೇಡಿ. ಆಮೇಲೆ ಇಂದು ಮಾಡಬಹುದಾದಷ್ಟನ್ನು ಇಂದು ಮಾಡಿ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಕಿಟ್ಟೆಲ್ ನಿಘಂಟನ್ನು ಕೇಳಿ ತೆಗೆದು ‘ತಾಳ್ಮೆ’ ಎಂಬ ಪದವನ್ನು ಹುಡುಕಿ. ಆ ಪುಟದ ಹಿಂದೆ ದಣಿದ ದೇಹವೊಂದಿತ್ತು ಎಂಬುದು ನಿಮ್ಮ ನೆನಪಿನಲ್ಲಿರಲಿ.